ಉಷ್ಣಕ್ಕೆ ಕಬ್ಬಿನ ಹಾಲು

ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಅಂಥ ದೂರವೇನಲ್ಲ. ಅಷ್ಟರೊಳಗೇ ಅಶ್ವಿನಿ ಸೀಟಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಮುಂದೆ ಸರಿದು, ಹಿಂದೆ ಒರಗಿ, ಕೊನೆಗೆ ಎದ್ದು ನಿಂತೇಬಿಟ್ಟಳು. ಪಕ್ಕದಲ್ಲಿದ್ದ ಹೆಂಗಸು, "ಕುಂದ್ರವ್ವ, ಜಾಗ ಐತಲ್ಲ" ಅಂದಳು. "ಇಲ್ರಿ, ಸೊಂಟ ನೋವು" ಎಂದಳು ಅಶ್ವಿನಿ. ಸೊಂಟ ನೋವು ಎಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಸೊಂಟದ ಕೆಳಗಿನದಕ್ಕೆಲ್ಲ ನಮ್ಮ ಕಡೆಯ ಹೆಂಗಸರು ಇಟ್ಟುಕೊಂಡಿರುವ ಮರ್ಯಾದೆಯ ಹೆಸರೇ ಅದು.

ಕಾಲ ಬಳಿಯ ಬ್ಯಾಗಿನಲ್ಲಿ ನಾಲ್ಕಾರು ಸೀರೆ, ಒಳಬಟ್ಟೆ, ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು ರಜನಿಯ ಒಂದು ಫೋಟೋ ಇದ್ದವು. ಮನೆಯಲ್ಲಿ ಹೇಳಿ ಬಂದದ್ದು ಬೇರೆ. ತವರುಮನೆ ಹೊಸಬಾಳೆಗೆ ಹೋಗಿ, ಅಣ್ಣನನ್ನು ಮಾತಾಡಿಸಿಕೊಂಡು ಸಂಜೆ ಬಂದುಬಿಡುತ್ತೇನೆ ಎಂದಿದ್ದಳು. ಹೊಸಬಾಳೆ ಇರುವುದು ಸೊರಬದ ಕಡೆ. ಅವಳು ಹತ್ತಿದ್ದು ಅದಕ್ಕೆ ತದ್ವಿರುದ್ಧ ದಿಕ್ಕಿನ ಬಸ್ಸು. ಶಿಕಾರಿಪುರದ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಅವಳು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಇದು ಗಂಡನಿಂದ ಬಂದ ಕಾಯಿಲೆಯೋ, ಅಲ್ಲವೋ? ಹೌದು ಎಂದರೆ, ವಾಪಸ್ ಬರುವ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಾಗ ಅವಳು ಇಳಿಯುವುದಿಲ್ಲ. ಅದೇ ಬಸ್ಸಿನಲ್ಲಿ ಸೊರಬಕ್ಕೆ, ಅಲ್ಲಿಂದ ಅಣ್ಣನ ಮನೆಗೆ. ಗಂಡ ಸಿದ್ಧಲಿಂಗೇಶನಿಗೆ ಆಮೇಲೆ ಫೋನಿನಲ್ಲಿ ಹೇಳಿದರಾಯಿತು.

ಇದೆಲ್ಲ ಶುರುವಾದದ್ದು ಹಿಂದಿನ ಬೇಸಿಗೆಯಲ್ಲಿ. ಮೊದಮೊದಲು ಸಣ್ಣ ತುರಿಕೆ. ಆಮೇಲೆ ಉರಿ, ಒಳಬಟ್ಟೆಗೆ ಮೊಸರಿನ ಗಸಿಯಂಥ ಬಿಳಿ. ಅತ್ತೆ ರಾಜೇಶ್ವರಮ್ಮನ ಮುಂದೆ ಅರ್ಧ ಬಾಯಿ ಬಿಟ್ಟಿದ್ದಳು, ಅಷ್ಟಕ್ಕೇ ಆಕೆ ಕೈಯೆತ್ತಿ, "ಉಷ್ಣ ಆಗೈತಿ ಬಿಡು. ಮೈ ತಂಪು ಮಾಡ್ಕೋಬೇಕು" ಎಂದು ತೀರ್ಪು ಕೊಟ್ಟರು. ಹೆಣ್ಣಿನ ಮೈಗೆ ಏನೇ ಬರಲಿ, ಕಾರಣ ಉಷ್ಣ. ಕಣ್ಣುರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮುಟ್ಟು ಹಿಂದುಮುಂದಾದರೂ ಉಷ್ಣ. ಅದರ ತಲೆಗೆ ಕಟ್ಟಿಬಿಟ್ಟರೆ ಇನ್ನೊಂದು ಪ್ರಶ್ನೆ ಕೇಳುವ ಗೋಜೇ ಇಲ್ಲ. ರಾಜೇಶ್ವರಮ್ಮ ಕೆಟ್ಟ ಅತ್ತೆಯಲ್ಲ. ಬೆಳಿಗ್ಗೆ ದೊಡ್ಡ ಲೋಟದಲ್ಲಿ ಬೆಲ್ಲದ ಪಾನಕ ಮಾಡಿ ಕೊಡುತ್ತಿದ್ದರು. ಮಧ್ಯಾಹ್ನ ಕಾಮಕಸ್ತೂರಿ ಬೀಜ ನೆನೆಸಿ ಕಲ್ಲುಸಕ್ಕರೆ ಹಾಕಿ ಕೊಡುತ್ತಿದ್ದರು. ಮಗನಿಗೂ ಹೇಳಿದ್ದರು.

ಅಂದಿನಿಂದ ಸಿದ್ಧಲಿಂಗೇಶ ಸಂಜೆ ಮನೆಗೆ ಬರುವಾಗ ಬಸ್‌ಸ್ಟ್ಯಾಂಡಿನ ಗಾಡಿಯಿಂದ ಒಂದು ಬಾಟಲಿ ಕಬ್ಬಿನ ಹಾಲು ಹಿಡಿಸಿಕೊಂಡು ಬರತೊಡಗಿದ. ಬಾಟಲಿಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, "ನಿಂಗೆ ಉಷ್ಣ ಅಂತಲ್ಲ, ಕುಡಿ" ಎನ್ನುವನು. ಅಷ್ಟೇ. ಆತ ಮೊದಲಿನಿಂದಲೂ ಮಾತಿಗೆ ಕಂಜೂಸು. ಮೆಕ್ಕೆಜೋಳದ ವ್ಯಾಪಾರದಲ್ಲಿ ದಿನವಿಡೀ ರೈತರ ಜೊತೆ, ಲಾರಿಯವರ ಜೊತೆ ಬಾಯಿ ಬಡಿದುಕೊಂಡು, ಮನೆಗೆ ಬರುವಷ್ಟರಲ್ಲಿ ಇದ್ದ ಮಾತೆಲ್ಲ ಖರ್ಚಾಗಿರುತ್ತಿತ್ತು.

ತಂಪು ಮಾಡಿಕೊಂಡಷ್ಟೂ ತುರಿಕೆ ಹೆಚ್ಚಾಯಿತು. ಶಿರಾಳಕೊಪ್ಪದ ಔಷಧಿ ಅಂಗಡಿಯವರೆಲ್ಲ ಗಂಡನಿಗೆ ಗೊತ್ತಿದ್ದವರೇ. ಅಲ್ಲಿ ಹೋಗಿ ಇಂಥದ್ದು ಕೇಳುವುದುಂಟೇ ಎಂದು ಅಶ್ವಿನಿ ತವರಿಗೆ ಹೋದಾಗ ಸೊರಬದಲ್ಲಿ, ಯಾರೂ ಗುರುತಿಲ್ಲದ ಒಂದು ಅಂಗಡಿ ಹುಡುಕಿಕೊಂಡಳು. ಅಂಗಡಿಯವನ ಮುಖ ನೋಡದೆ, ಗಾಜಿನ ಕಪಾಟಿನೊಳಗಿನ ಕೆಮ್ಮಿನ ಔಷಧಿಯನ್ನು ನೋಡುತ್ತ, "ತುರಿಕೆ, ಬಿಳಿ ಹೋಗೋದು" ಎಂದಳು. ಅವನು ಇನ್ನೇನೂ ಕೇಳದೆ ಮಾತ್ರೆ ತೆಗೆದು ಮುಂದಿಟ್ಟ.

"ಇದು ನಿಮಗೆ. ಇದು ನಿಮ್ಮ ಯಜಮಾನ್ರಿಗೆ. ಇಬ್ರೂ ತಗಳಿ, ಇಲ್ಲಾಂದ್ರೆ ತಿರುಗಿ ಬರ್ತದೆ."

ಅವಳು ತನ್ನದನ್ನು ನುಂಗಿದಳು. ಯಜಮಾನರ ಮಾತ್ರೆಯನ್ನು ಹೊಲಿಗೆ ಮೆಶಿನ್ನಿನ ಡ್ರಾಯರಿಗೆ ಹಾಕಿದಳು. ಏನೆಂದು ಹೇಳಿ ಕೊಡುವುದು? ಹತ್ತು ಹನ್ನೆರಡು ದಿನ ಹಾಯಾಗಿತ್ತು, ಮತ್ತೆ ಬಂತು. ಮತ್ತೆ ಸೊರಬ, ಮತ್ತೆ ಎರಡು ಮಾತ್ರೆ. ಹೀಗೇ ನಡೆಯಿತು. ಡ್ರಾಯರಿನಲ್ಲಿ ಯಜಮಾನರ ಮಾತ್ರೆಗಳು ಸೇರುತ್ತ ಹೋದವು, ಅವಳ ತಲೆಯಲ್ಲಿ ಅಂಗಡಿಯವನ ಮಾತು ಕೊರೆಯುತ್ತ ಹೋಯಿತು. ಗಂಡನಿಗೂ ಔಷಧಿ ಬೇಕೆಂದರೆ ಗಂಡನಿಗೂ ಕಾಯಿಲೆ ಇದೆ ಅಂತಾಯಿತು. ಅವನಿಗೆ ಎಲ್ಲಿಂದ ಬಂತು?

ಹುಡುಕಿದರೆ ಕಾರಣಗಳಿಗೇನು ಬರಗಾಲ! ಸಿದ್ಧಲಿಂಗೇಶ ವ್ಯಾಪಾರಕ್ಕೆಂದು ದಾವಣಗೆರೆಗೆ ಹೋಗುತ್ತಿದ್ದ, ಕೆಲವು ಸಲ ಅಲ್ಲೇ ಲಾಡ್ಜಿನಲ್ಲಿ ಉಳಿಯುತ್ತಿದ್ದ. ಫೋನು ಬಂದರೆ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದ. ಮದುವೆಯಾದಾಗಿನಿಂದಲೂ ಹಾಗೆಯೇ ಮಾಡುತ್ತಿದ್ದ ಎನ್ನುವುದು ಈಗ ಅವಳ ನೆನಪಿಗೆ ಬರಲಿಲ್ಲ. ಯುಗಾದಿಯೂ ಇಲ್ಲ ದೀಪಾವಳಿಯೂ ಇಲ್ಲ, ನಡುವೆ ಒಂದು ಹೊಸ ಅಂಗಿ ತಂದುಕೊಂಡ. ಅನುಮಾನಕ್ಕೆ ಹೊಸ ಅಂಗಿಯೊಂದು ಸಿಕ್ಕರೆ ಸಾಕು, ಉಳಿದದ್ದನ್ನು ಅದೇ ಹೊಲಿದುಕೊಳ್ಳುತ್ತದೆ.

ಕಬ್ಬಿನ ಹಾಲಿನ ಬಾಟಲಿಗೂ ಈಗ ಬೇರೆ ಅರ್ಥ ಬಂತು. ತಪ್ಪು ಮಾಡಿದವನು ಕೊಡುವ ಲಂಚ ಇದು ಎಂದುಕೊಂಡಳು. ಕುಡಿಯದೆ ಚೆಲ್ಲಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ಆ ದಿನಗಳಲ್ಲಿ ಅವಳಿಗೆ ಎಂಥ ಬಾಯಾರಿಕೆ! ಬಿಂದಿಗೆ ನೀರು ಕುಡಿದರೂ ಗಂಟಲು ಒಣಗುತ್ತಿತ್ತು. ಸಿಟ್ಟಿನಲ್ಲೇ ಬಾಟಲಿ ಎತ್ತಿ ಗಟಗಟ ಕುಡಿದುಬಿಡುತ್ತಿದ್ದಳು. ಬಚ್ಚಲಿಗೆ ಹೋಗಿ, ನೆಲ ಒರೆಸುವ ಡೆಟಾಲಿನಂಥ ಔಷಧಿಯನ್ನು ಬಿಸಿನೀರಿಗೆ ಸುರಿದು, ಉರಿಯುತ್ತಿದ್ದರೂ ಹಲ್ಲು ಕಚ್ಚಿ ತೊಳೆದುಕೊಳ್ಳುತ್ತಿದ್ದಳು. ಯಾವಳದೋ ಕೊಳೆ ತನ್ನ ಮೈಗೆ ಬಂದಿದೆ ಎಂಬ ಹೇಸಿಗೆ ಅವಳಿಗೆ. ಸೆಕೆಯ ನೆಪ ಹೇಳಿ ನಡುಮನೆಯಲ್ಲಿ ಅತ್ತೆಯ ಪಕ್ಕ ಚಾಪೆ ಹಾಕಿಕೊಂಡಳು. ಚಳಿಗಾಲ ಬಂದರೂ ಚಾಪೆ ಅಲ್ಲೇ ಇತ್ತು. ಯಾಕೆ ಎಂದು ಗಂಡ ಕೇಳಲಿಲ್ಲ. ಕೇಳದೆ ಇದ್ದದ್ದನ್ನೂ ಅವಳು ಅವನ ಲೆಕ್ಕಕ್ಕೇ ಬರೆದಳು.

ಹೋದ ವಾರ ಅವನು, "ದಾವಣಗೆರೆಗೆ ಹೋಗಬೇಕು, ಬರೋದು ಎರಡು ದಿನ ಆಗ್ತತಿ" ಎಂದ. ಆ ಹೊಸ ಅಂಗಿಯನ್ನು ಇಸ್ತ್ರಿ ಮಾಡಿ ಕೊಟ್ಟದ್ದು ಅಶ್ವಿನಿಯೇ. ಇಸ್ತ್ರಿ ಮಾಡುತ್ತಲೇ ಅವಳು ನಿರ್ಧಾರ ಮಾಡಿಬಿಟ್ಟಳು.

ಡಾಕ್ಟರ್ ಪ್ರಿಯಂವದಾ ಅವರ ಕ್ಲಿನಿಕ್ಕಿನಲ್ಲಿ ಬೆಂಚು ಖಾಲಿಯಿದ್ದರೂ ಅಶ್ವಿನಿ ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಗೋಡೆಯ ಮೇಲಿನ ಲಸಿಕೆಯ ಪೋಸ್ಟರನ್ನು ಮತ್ತೆ ಮತ್ತೆ ಓದಿದಳು. ಎದ್ದು ಹೋಗಿಬಿಡಲೇ ಎಂದು ಬ್ಯಾಗು ಎತ್ತಿಕೊಂಡಾಗಲೇ ಹೆಸರು ಕರೆದರು.

"ಹೇಳಿ, ಎಂತ ಆಗ್ತಿದೆ?" ಎಂದರು ಡಾಕ್ಟರು. ಸೊರಬದ ಕಡೆಯ ಮಾತು. ತವರಿನ ಮಾತು ಕೇಳಿದ್ದಕ್ಕೋ ಏನೋ, ಅಶ್ವಿನಿ ಸೊಂಟ ನೋವು ಎನ್ನಲಿಲ್ಲ. ತುರಿಕೆ, ಉರಿ, ಬಿಳಿ, ಸೊರಬದ ಮಾತ್ರೆ, ಡೆಟಾಲು ಹಾಕಿ ತೊಳೆದುಕೊಳ್ಳುವುದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿ, ಕೇಳಲೆಂದೇ ಬಂದಿದ್ದನ್ನೂ ಕೇಳಿಬಿಟ್ಟಳು.

"ಇದು ನಮ್ಮ ಮನೆಯವರಿಂದ ಬಂದಿದ್ದೇನ್ರಿ?"

ಡಾಕ್ಟರು ಕಾಗದ ಮುಂದಕ್ಕೆ ಎಳೆದುಕೊಂಡರು. "ನೋಡದೇ ಹ್ಯಾಂಗೆ ಹೇಳಲಿ? ವರ್ಷದಿಂದ ಎಷ್ಟು ಸಲ ಬಂತು ಇದು?"

"ಎಣಿಸಿಲ್ರಿ. ಹೋಗ್ತತಿ, ಬರ್ತತಿ."

"ಒಂದು ಸಲಾನೂ ಯಾರೂ ಪರೀಕ್ಷೆ ಮಾಡಿ ನೋಡ್ಲೇ ಇಲ್ವಾ?"

ಅಶ್ವಿನಿ ತಲೆ ಅಲ್ಲಾಡಿಸಿದಳು. ಪರದೆಯ ಹಿಂದೆ ಮಲಗಿಸಿ, ನರ್ಸಮ್ಮನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಡಾಕ್ಟರು ನೋಡಿದರು. ಏನು ಮಾಡುತ್ತಿದ್ದೇನೆಂದು ಮೊದಲೇ ಹೇಳಿ, ಹತ್ತಿಯ ಕಡ್ಡಿಯಲ್ಲಿ ಒಂದಿಷ್ಟು ತೆಗೆದುಕೊಂಡರು. ಅಶ್ವಿನಿ ಮೇಲಿನ ಫ್ಯಾನನ್ನೇ ನೋಡುತ್ತಿದ್ದಳು. ಅವಳು ಹೆದರಿದಷ್ಟು ಹೊತ್ತು ಹಿಡಿಯಲಿಲ್ಲ.

ಕೈ ತೊಳೆದುಕೊಂಡು ಬಂದು ಡಾಕ್ಟರು ಬೇರೆಯೇ ಏನೋ ಕೇಳತೊಡಗಿದರು. ನೀರಡಿಕೆ ಹ್ಯಾಂಗಿದೆ? ರಾತ್ರಿ ಮೂತ್ರಕ್ಕೆ ಏಳ್ತೀರಾ? ಮೈ ಇಳಿದಿದೆಯಾ? ನಿಮ್ಮ ತಾಯಿಗೆ ಎಂತ ಆಗಿತ್ತು? ತಾಯಿ ತೀರಿಕೊಂಡದ್ದು ಕಾಲಿನ ಹುಣ್ಣು ಮಾಯದೆ ಎಂದಳು ಅಶ್ವಿನಿ. ಇದಕ್ಕೂ ಅದಕ್ಕೂ ಏನು ಸಂಬಂಧ, ತಾನು ಕೇಳಿದ್ದಕ್ಕೆ ಉತ್ತರ ಎಲ್ಲಿ ಎಂದು ಅವಳಿಗೆ ಕಾಲು ನಿಲ್ಲಲಿಲ್ಲ. ಡಾಕ್ಟರು ಅವಳ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ಮೆಶಿನ್ನಿಗೆ ಹಾಕಿದರು. ಅಂಕಿ ಮುನ್ನೂರು ದಾಟಿತ್ತು.

"ಊಟ ಮಾಡಿ ಬಂದಿದ್ರೂ ಇಷ್ಟು ಇರಬಾರದು. ನಿಮಗೆ ಸಕ್ಕರೆ ಕಾಯಿಲೆ ಇರೋ ಹಾಗಿದೆ ಅಶ್ವಿನಿಯವ್ರೇ. ಬಹುಶಃ ಬಹಳ ದಿನದಿಂದ. ಖಾತ್ರಿ ಮಾಡ್ಕೊಳ್ಳೋಕೆ ಇನ್ನೊಂದು ರಕ್ತ ಪರೀಕ್ಷೆ ಮಾಡಿಸುವಾ."

"ತೋರಿಸಾಕ ಬಂದಿದ್ದು ಅದಕ್ಕಲ್ಲಲ್ರಿ."

"ನೀವು ಬಂದಿದ್ದಕ್ಕೂ ಅದೇ ಕಾರಣ. ನಿಮಗೆ ಆಗಿರೋದು ಶಿಲೀಂಧ್ರದ ಸೋಂಕು. ಬೂಷ್ಟು ಅಂತೀವಲ್ಲ, ಆ ಜಾತಿಯದ್ದು. ಅದು ಎಲ್ಲಿಂದಲೋ ಬರೋದಲ್ಲ, ಎಷ್ಟೋ ಹೆಂಗಸರ ಮೈಯಲ್ಲಿ ತನ್ನ ಪಾಡಿಗೆ ಇರುತ್ತೆ. ಮೈಯಲ್ಲಿ ಸಕ್ಕರೆ ಏರಿದ್ರೆ ಅದಕ್ಕೆ ಹಬ್ಬ. ಮಾತ್ರೆ ತಗಂಡಾಗ ಅಡಗುತ್ತೆ, ಸಕ್ಕರೆ ಹಾಗೇ ಇದ್ರೆ ಮತ್ತೆ ಎದ್ದು ಬರುತ್ತೆ."

"ಅಂದ್ರ, ನಮ್ಮ ಮನೆಯವರು..."

"ಇದು ಗಂಡನಿಂದ ಬರೋ ಕಾಯಿಲೆ ಅಲ್ಲ ಮಾರಾಯ್ತಿ. ಹಾಗೆ ಬರೋವು ಬೇರೆ ಇದಾವೆ. ಅದಕ್ಕೂ ಲ್ಯಾಬಿಗೆ ಕಳಿಸಿ ನೋಡ್ತೀನಿ, ಆದ್ರೆ ನಾನು ನೋಡಿದ್ದರಲ್ಲಿ ಅದರ ಗುರುತು ಎಂತದೂ ಇಲ್ಲ. ಇದಕ್ಕೆ ಸಾಮಾನ್ಯವಾಗಿ ಗಂಡನಿಗೆ ಮಾತ್ರೆಯೂ ಬೇಡ. ಅಂಗಡಿಯವನು ನೋಡದೇ ಕೊಟ್ಟ, ಎಲ್ಲದಕ್ಕೂ ಆಗಲಿ ಅಂತ ಕೊಟ್ಟ."

ಅಶ್ವಿನಿಗೆ ಹಾಯೆನಿಸಬೇಕಿತ್ತು. ಹಾಗಾಗಲಿಲ್ಲ. ವರ್ಷದಿಂದ ಕಟ್ಟಿದ್ದ ಗೋಡೆಯ ಬುಡದಲ್ಲೇ ಇಟ್ಟಿಗೆ ಇರಲಿಲ್ಲ.

ದಿನಾ ಏನು ತಿಂತೀರಿ, ಏನು ಕುಡೀತೀರಿ ಎಂದು ಕೇಳಿದಾಗ ಅವಳು ಬೆಲ್ಲದ ಪಾನಕದಿಂದ ಶುರುಮಾಡಿ ಕಲ್ಲುಸಕ್ಕರೆಗೆ ಬಂದು, ಕಬ್ಬಿನ ಹಾಲಿನ ಹತ್ತಿರ ತಡವರಿಸಿದಳು. "ಉಷ್ಣಕ್ಕೆ ಅಂತ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡರೆ ಅವರು ನಗುವಿನಂಥದ್ದೇನನ್ನೋ ತಡೆದುಕೊಂಡರು.

"ಸಕ್ಕರೆ ಕಾಯಿಲೆ ಪಾನಕದಿಂದಲೇ ಬಂತು ಅಂತಲ್ಲ, ನಿಮ್ಮ ತಾಯಿಯ ಕಡೆಯಿಂದಲೂ ಬಂದಿರಬೌದು. ಆದ್ರೆ ಉರಿಯೋ ಒಲೆಗೆ ಎಲ್ರೂ ಸೇರಿ ಪ್ರೀತಿಯಿಂದ ಕಟ್ಟಿಗೆ ಹಾಕಿದೀರಿ. ಆ ಡೆಟಾಲು ಗಿಟಾಲು ಇವತ್ತಿಗೇ ಬಿಡಿ, ಬರೀ ನೀರು ಸಾಕು. ಇನ್ನೊಂದು ಸಲ ಬಂದ್ರೆ ಅಂಗಡಿಗೆ ಹೋಗ್ಬೇಡಿ, ಇಲ್ಲಿಗೆ ಬನ್ನಿ. ಎಲ್ಲಾ ತುರಿಕೆಯೂ ಇದೇ ಅಲ್ಲ, ಕೆಲವಕ್ಕೆ ಔಷಧಿನೇ ಬೇರೆ. ಕೆಟ್ಟ ವಾಸನೆ ಬಂತು, ಕೆಳಹೊಟ್ಟೆ ನೋವು, ಜ್ವರ ಬಂತು, ಹುಣ್ಣಾಯ್ತು, ಮುಟ್ಟಲ್ಲದ ಹೊತ್ತಲ್ಲಿ ರಕ್ತ ಕಾಣಿಸ್ತು ಅಂದ್ರೆ ಒಂದು ದಿನಾನೂ ಕಾಯಬೇಡಿ."

ಮಾತ್ರೆ, ಹಚ್ಚಿಕೊಳ್ಳುವ ಕೆನೆಯಂಥ ಔಷಧಿ ಬರೆದ ಚೀಟಿ ಕೈಯಲ್ಲಿ ಹಿಡಿದು ಅವಳು ಬಸ್‌ಸ್ಟ್ಯಾಂಡಿಗೆ ಬಂದಳು. ರಕ್ತ ಕೊಟ್ಟು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸೊರಬದ ಬಸ್ಸು ಹತ್ತಿದ ಮೇಲೆ ಕಂಡಕ್ಟರು ಬಂದು, "ಶಿರಾಳಕೊಪ್ಪನಾ ಸೊರಬನಾ?" ಎಂದ. ಅವಳು ಶಿರಾಳಕೊಪ್ಪ ಎಂದಳು. ಟಿಕೆಟು ತೆಗೆದುಕೊಂಡ ಮೇಲೂ ನೆಮ್ಮದಿ ಇಲ್ಲ. ಬರುವಾಗ ಕೂರಲಾಗದೆ ನಿಂತಿದ್ದಳು, ಈಗ ಕೂತಲ್ಲೇ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅವನಿಗೆ ಹೇಳುವುದೋ ಬೇಡವೋ? ಸಕ್ಕರೆ ಕಾಯಿಲೆಯನ್ನಷ್ಟೇ ಹೇಳಿ ಉಳಿದದ್ದನ್ನು ನುಂಗಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ನಡುಮನೆಯ ಚಾಪೆಗೆ ಸೆಕೆಯ ನೆಪ ಇದ್ದೇ ಇದೆ.

ಶಿರಾಳಕೊಪ್ಪ ಬಂದು ಬಸ್ಸು ನಿಂತಿತು. ಕಿಟಕಿಯಾಚೆ ಕಬ್ಬಿನ ಹಾಲಿನ ಗಾಡಿಯ ಮುಂದೆ ಬೆನ್ನು ಮಾಡಿ ನಿಂತಿದ್ದವನು ಸಿದ್ಧಲಿಂಗೇಶ. ಮೈಮೇಲೆ ಅದೇ ಹೊಸ ಅಂಗಿ, ಬೆನ್ನಿಗೆಲ್ಲ ಮೆಕ್ಕೆಜೋಳದ ಧೂಳು.

"ಶುಂಠಿ ಹಾಕಬ್ಯಾಡಪ, ಅದು ಉಷ್ಣ. ನಿಂಬಿಹಣ್ಣು ಹಿಂಡು" ಎನ್ನುತ್ತಿದ್ದ ಗಾಡಿಯವನಿಗೆ. "ಗ್ಲಾಸ್ ತೊಳದಿಯಿಲ್ಲೋ? ಬಾಟ್ಲಿಗೆ ಹಾಕಕಿಂತ ಮುಂಚೆ ಸೋಸು. ಮನಿಯಾಕಿಗೆ ಆರಾಮಿಲ್ಲ."

ಅಶ್ವಿನಿಯ ಕಣ್ಣು ತುಂಬಿತು. ಅವಳು ಇಳಿದು ಅವನ ಹಿಂದೆ ಹೋಗಿ ನಿಂತಳು. ಅವನು ತಿರುಗಿ ನೋಡಿ, "ಬಂದ್ಯಾ? ಅಣ್ಣ ಆರಾಮದಾನಾ?" ಎಂದು ಬ್ಯಾಗಿಗೆ ಕೈ ಚಾಚಿದ. ಬ್ಯಾಗು ಎತ್ತಿದವನು ಹುಬ್ಬು ಗಂಟಿಕ್ಕಿದ. "ಏನ್ ಇದು, ಇಷ್ಟು ಭಾರ?"

"ಅಣ್ಣನ ಮನಿಗೆ ಹೋಗ್ಲಿಲ್ರಿ. ಶಿಕಾರಿಪುರಕ್ಕೆ ಡಾಕ್ಟ್ರ ಹತ್ರ ಹೋಗಿದ್ದೆ."

ಬಸ್‌ಸ್ಟ್ಯಾಂಡಿನ ಸಿಮೆಂಟಿನ ಬೆಂಚಿನ ಮೇಲೆ ಕೂತು ಅವಳು ಹೇಳಿದಳು. ತುರಿಕೆ ಎಂಬ ಮಾತನ್ನು ಗಂಡನ ಮುಂದೆ ಆಡಿದ್ದು ಅದೇ ಮೊದಲು. ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡ.

"ಸಕ್ಕರಿ ಕಾಯಿಲೇನಾ?" ಎಂದ. ಬಾಟಲಿಯ ಕಡೆ ನೋಡಿದ. "ದಿನಾ ನಾನ ತಂದು ಕುಡಿಸಿದ್ನಲ್ಲ."

"ನಿಮಗೇನು ಗೊತ್ತಿತ್ತು? ನನಗೇ ಗೊತ್ತಿರ್ಲಿಲ್ಲ."

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಬ್ಯಾಗು ಅವನ ಕಾಲ ಬಳಿ ಇತ್ತು, ಅವನು ಕೇಳಿದ್ದಕ್ಕೆ ಅವಳಿನ್ನೂ ಉತ್ತರ ಕೊಟ್ಟಿರಲಿಲ್ಲ.

"ಅದು ನಿಮ್ಮಿಂದ ಬಂದಿದ್ದು ಅನ್ಕೊಂಡಿದ್ದೆ" ಎಂದಳು. "ದಾವಣಗೆರೆಯಾಗ ಯಾರೋ ಅದಾರ ಅಂತ. ಡಾಕ್ಟ್ರು ಹೌದು ಅಂದಿದ್ರೆ ಇವತ್ತು ನಾನು ಇಲ್ಲಿ ಇಳೀತಿರ್ಲಿಲ್ಲ. ಅದಕ್ಕ ಸೀರಿ ತುಂಬ್ಕೊಂಡು ಹೋಗಿದ್ದೆ."

ಸಿದ್ಧಲಿಂಗೇಶ ಬಾಟಲಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿದ. ಅವನ ಕಿವಿ ಕೆಂಪಾಗಿತ್ತು. ಸಿಟ್ಟು ಬಂದಿದೆ ಎಂದು ಅವಳಿಗೆ ತಿಳಿಯಿತು, ಬರಬೇಕಾದದ್ದೇ ಎಂದೂ ಅನ್ನಿಸಿತು.

"ನೀ ನಡುಮನಿಗೆ ಹೋಗಿ ಮಲಗಿದ್ದು ನನ್ನ ಕಂಡ್ರ ಬ್ಯಾಸರ ಆಗೈತಿ ಅಂತ ಅನ್ಕೊಂಡೆ" ಎಂದ ಕೊನೆಗೆ. "ಕೇಳಿದ್ರ ಹೌದು ಅಂದುಬಿಟ್ಟೀಯ ಅಂತ ಕೇಳ್ಲಿಲ್ಲ. ನೀನು ಕೇಳಬೌದಿತ್ತಲ್ಲ. ಒಂದು ಮಾತು."

"ನೀವು ಕೇಳಬೌದಿತ್ತು."

ಅವನು ಎದ್ದ. ಒಂದು ಕೈಯಲ್ಲಿ ಬ್ಯಾಗು, ಒಂದು ಕೈಯಲ್ಲಿ ಬಾಟಲಿ ಹಿಡಿದು, ಅವಳಿಗೆ ಕಾಯದೆ ದಾಪುಗಾಲು ಹಾಕಿದ. ಅಶ್ವಿನಿ ಸೆರಗು ಸುತ್ತಿಕೊಂಡು ಹಿಂದೆಯೇ ಓಡುನಡಿಗೆಯಲ್ಲಿ ಹೋದಳು. ಮನೆಯ ಕಡೆ ತಿರುಗುವ ಬದಲು ಅವನು ನೇರ ಯಲ್ಲಪ್ಪನ ಔಷಧಿ ಅಂಗಡಿಯ ಮುಂದೆ ನಿಂತ. ವರ್ಷವಿಡೀ ಅವಳು ತಲೆ ತಗ್ಗಿಸಿಕೊಂಡು ದಾಟಿ ಹೋಗುತ್ತಿದ್ದ ಅಂಗಡಿ. ಮೂರು ನಾಲ್ಕು ಗಿರಾಕಿಗಳಿದ್ದರು, ಅದರಲ್ಲಿ ಇಬ್ಬರು ಅವನಿಗೆ ಕೈಯೆತ್ತಿ ನಮಸ್ಕಾರ ಮಾಡಿದರು.

"ಚೀಟಿ ಕೊಡು" ಎಂದ ಹೆಂಡತಿಗೆ.

ಯಲ್ಲಪ್ಪ ಚೀಟಿ ಓದಿದವನು ಕನ್ನಡಕ ಸರಿಮಾಡಿಕೊಂಡು, ದನಿ ತಗ್ಗಿಸಿ, "ಇದು ಯಾರಿಗಪ?" ಎಂದು ಕೇಳಿದ. ಸಿದ್ಧಲಿಂಗೇಶ ಬಾಯಿ ತೆರೆದ. ಅವನಿಗಿಂತ ಮೊದಲು ಅಶ್ವಿನಿ ಮುಂದೆ ಬಂದಳು.

"ನನಗ್ರಿ" ಎಂದಳು, ಯಲ್ಲಪ್ಪನ ಮುಖ ನೋಡಿಕೊಂಡೇ. "ಆ ಕೆನೆಯಂಥ ಔಷಧಿ ಹೆಂಗ ಹಚ್ಕೋಬೇಕು ಅನ್ನೋದೂ ಸರಿಯಾಗಿ ಹೇಳ್ರಿ."

ಯಲ್ಲಪ್ಪ ಹೇಳಿದ. ಗಿರಾಕಿಗಳು ಕೇಳಿಸಿಕೊಂಡರೋ ಇಲ್ಲವೋ, ಅವಳು ಹಿಂತಿರುಗಿ ನೋಡಲಿಲ್ಲ.

ಹೊರಗೆ ಬಂದ ಮೇಲೂ ಸಿದ್ಧಲಿಂಗೇಶನ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಚೆಲ್ಲಲು ಮನಸ್ಸಿಲ್ಲ, ಮನೆಗೆ ಒಯ್ಯುವಂತಿಲ್ಲ. ಬೀದಿ ದೀಪದ ಕಂಬದ ಹತ್ತಿರ ನಿಂತು, "ಇದನ್ನೇನು ಮಾಡ್ಲಿ?" ಎಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಅವಳು ಜೊತೆಗೆ ಬರಲಿ ಎಂದು ನಿಂತಿದ್ದ.

"ನೀವ ಕುಡೀರಿ."

ಅವನು ಮುಚ್ಚಳ ತೆಗೆದು ಒಂದು ಗುಟುಕು ಕುಡಿದು ಮುಖ ಕಿವುಚಿದ. "ಎಪ್ಪಾ, ಏನ್ ಸೀ ಇದು. ದಿನಾ ಹೆಂಗ ಕುಡಿತಿದ್ದಿ?"

ವರ್ಷದಿಂದ ದಿನವೂ ತಂದುಕೊಟ್ಟವನು ಒಂದು ದಿನವೂ ಅದರ ರುಚಿ ನೋಡಿರಲಿಲ್ಲ. ಅಶ್ವಿನಿ ಅವನ ಪಕ್ಕಕ್ಕೆ ಬಂದಳು. ಬ್ಯಾಗಿನ ಇನ್ನೊಂದು ಹಿಡಿಕೆಗೆ ಕೈ ಹಾಕಿದಳು. ಭಾರ ಇಬ್ಬರ ನಡುವೆ ಹಂಚಿಕೊಂಡು ಮನೆಯ ಕಡೆ ನಡೆದರು.